ನಾಲ್ಕು ಕಿಸೆಯ ಕೌದಿ

ಮಧ್ಯಾಹ್ನದ ಬಿಸಿಲು ಕಟ್ಟೆ ಹತ್ತಿ ಪಡಸಾಲೆಯೊಳಗೆ ಇಣುಕುವ ಹೊತ್ತು. ಅವ್ವ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಮರದಲ್ಲಿ ಹೊಸ ಹೆಸರು ಹಸನು ಮಾಡುತ್ತಿದ್ದಾಳೆ. ಮರ ಒಮ್ಮೆ ಕೊಡವಿದರೆ ಹೊಟ್ಟು ಮುಂದೆ ಹಾರುತ್ತದೆ, ಕಾಳು ಹಿಂದೆ ನಿಲ್ಲುತ್ತದೆ. ಹಸಿರು ಕಾಳಿನ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಉದ್ದು ಬೆರೆತಿದೆ. ಎದುರಿಗೆ ಕುಕ್ಕರುಗಾಲಲ್ಲಿ ಕೂತ ಕೂಸಿನ ಕಣ್ಣು ಆ ಕಪ್ಪಿನ ಮೇಲೇ ಇದೆ. ತಮ್ಮನ ಮಗಳು, ಎರಡೂವರೆ ವರ್ಷ. ಹೆಬ್ಬೆರಳು ತೋರುಬೆರಳು ಚಿವುಟಿದಂತೆ ಸೇರಿಸಿ ಒಂದು ಉದ್ದಿನ ಕಾಳು ಎತ್ತಿದಳು, ಪಕ್ಕಕ್ಕಿಟ್ಟಳು. ಇನ್ನೊಂದು ಎತ್ತಿದಳು, ಅದರ ಪಕ್ಕಕ್ಕೇ ಇಟ್ಟಳು. ಯಾರೂ ಹೇಳಿಕೊಟ್ಟಿರಲಿಲ್ಲ. ಮೂರನೆಯದು ನೇರ ಮೂಗಿನ ಕಡೆ ಹೊರಟಿತು.

"ಅಯ್ಯ, ಮೂಗಿನಾಗ ಹಾಕ್ಕೋತದ ನೋಡ!" ಅವ್ವ ಮರ ಬಿಟ್ಟು ಕೈ ಹಿಡಿದಳು. ಒಣಕಾಳು ಮೂಗಿನ ತೇವಕ್ಕೆ ಉಬ್ಬುತ್ತದೆ. ಹೋದದ್ದು ಸುಲಭಕ್ಕೆ ಈಚೆ ಬರುವುದಿಲ್ಲ. ಕಾಳು ಕಸಿದುಕೊಂಡಿದ್ದಕ್ಕೆ ಪಡಸಾಲೆ ತುಂಬ ಅಳು. ಆಟ ಕಸಿದವರೇ ಆಟ ಕೊಡಬೇಕಲ್ಲ.

ನಾನು ಮೊದಲು ನೀರಿನ ಬಾಟಲಿಯ ಬಣ್ಣಬಣ್ಣದ ಮುಚ್ಚಳ ಕೂಡಿಹಾಕಿದೆ. ಪಕ್ಕದ ಮನೆಯ ಅಂಗನವಾಡಿ ಟೀಚರಮ್ಮ ನೋಡಿದವಳೇ ತಲೆ ಅಲ್ಲಾಡಿಸಿದಳು. ಮೂರು ವರ್ಷದೊಳಗಿನ ಕೂಸಿನ ಕೈಗೆ ಬಾಯಿಗೆ ಇಳಿಯುವಂಥದ್ದು ಏನೂ ಕೊಡಬಾರದು ಎಂದಳು. ಆಟಿಕೆ ಪರೀಕ್ಷಿಸುವವರು 31.7 ಮಿಲಿಮೀಟರ್ ಅಡ್ಡಳತೆಯ ಒಂದು ಪುಟ್ಟ ಕೊಳವೆ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಇಳಿದ ವಸ್ತು ಕೂಸಿನ ಗಂಟಲಿಗೂ ಇಳಿದೀತು ಎಂಬುದು ಲೆಕ್ಕ. ನೀರಿನ ಬಾಟಲಿಯ ಮುಚ್ಚಳ ಅದರೊಳಗೆ ಇಳಿಯುತ್ತದೆ. ಕೂಡಿಹಾಕಿದ್ದನ್ನೆಲ್ಲ ಅಟ್ಟಕ್ಕೆ ಏರಿಸಿದೆ.

ಅವ್ವ ಮಾತಾಡಲಿಲ್ಲ. ಎದ್ದು ಒಳಗೆ ಹೋಗಿ, ಗಂಟು ಬಿಚ್ಚದೆ ಎಷ್ಟೋ ದಿನವಾಗಿದ್ದ ಚಿಂದಿ ಬಟ್ಟೆಯ ಗಂಟು ತಂದಳು. ಕೌದಿ ಹೊಲಿಯುವ ಮನೆಯಲ್ಲಿ ಬಟ್ಟೆಯ ತುಂಡು ಯಾವತ್ತೂ ಕಸವಾಗುವುದಿಲ್ಲ. ಗಂಟು ಬಿಚ್ಚಿದಾಗ ಪಡಸಾಲೆಯ ನೆಲ ಒಮ್ಮೆಲೇ ಜಾತ್ರೆಯಾಯಿತು. ಅಕ್ಕನ ಮದುವೆಯ ಕೆಂಪು ಕಣದ ತುಂಡು, ಅಪ್ಪನ ನೀಲಿ ಅಂಗಿಯ ತೋಳು, ಯಾರದೋ ಲಂಗದ ಹಳದಿ ಅಂಚು, ಅವ್ವ ಉಟ್ಟು ಉಟ್ಟು ಸೆರಗು ಸವೆಸಿದ ಹಸಿರು ಇಳಕಲ್ ಸೀರೆ. ಒಂದೊಂದು ತುಂಡು ಎತ್ತಿದಾಗಲೂ ಅವ್ವ ಒಂದು ಗಳಿಗೆ ತಡೆದಳು. ನನಗೆ ಅದು ಬಟ್ಟೆ, ಅವಳಿಗೆ ಅದೊಂದು ವರ್ಷ.

ಕೂಸು ಎಲ್ಲವನ್ನೂ ಬಾಯಿಗಿಡುತ್ತದೆ, ಬಣ್ಣ ಬಿಡುವ ಬಟ್ಟೆ ಬೇಡ. ತುಂಡನ್ನು ಒದ್ದೆ ಮಾಡಿ ಬಿಳಿ ಅರಿವೆಗೆ ತಿಕ್ಕಿದೆವು. ಕೆಂಪು ಕಣದ ತುಂಡು ಮೊದಲ ತಿಕ್ಕಿಗೇ ಗುಲಾಬಿ ಕಲೆ ಬಿಟ್ಟಿತು, ಅದನ್ನು ಬದಿಗಿಟ್ಟು ನೂಲಿನ ಕೆಂಪು ಹುಡುಕಿದೆವು. ಒಳಗೆ ಹೆಸರು ತುಂಬಿದರೆ ಗಿಲಗಿಲ ಅಂತದ ಎಂದಳು ಅವ್ವ, ಆಮೇಲೆ ತಾನೇ ಬೇಡವೆಂದಳು: ಹೊಲಿಗೆ ಬಿಟ್ಟರೆ ಕಾಳು ಮತ್ತೆ ಮೂಗಿಗೇ. ಚಿಂದಿಯನ್ನೇ ಬಿಗಿಯಾಗಿ ತುರುಕಿ, ಮೋಸಂಬಿಯಷ್ಟು ದಪ್ಪದ ಉಂಡೆ ಮಾಡಿ, ಕೌದಿಗೆ ಹಾಕುವ ಒತ್ತೊತ್ತು ಹೊಲಿಗೆ ಹಾಕಿದಳು. ಬಣ್ಣಕ್ಕೆ ಮೂರರಂತೆ ಹನ್ನೆರಡು ಉಂಡೆ. ಕೊನೆಗೆ ಕೈಯಲ್ಲಿ ಉಳಿದದ್ದು ಇಳಕಲ್ ಸೀರೆಯ ಅಂಚು: ಒಂದು ಕಡೆ ಒಡಲಿನ ಹಸಿರು, ಒಂದು ಕಡೆ ದಡಿಯ ಕೆಂಪು. ಹದಿಮೂರನೆಯ ಉಂಡೆ ಅದರದ್ದಾಯಿತು. "ಇರಲಿ, ಚೆಲ್ಲೂದ್ಯಾಕ" ಎಂದಳು.

ಹಳೆಯ ಕೌದಿಯ ಗಟ್ಟಿ ಉಳಿದಿದ್ದ ಒಂದು ಮೂಲೆ ಕತ್ತರಿಸಿ, ಅದರ ಮೇಲೆ ಅಗಲ ಬಾಯಿಯ ನಾಲ್ಕು ಕಿಸೆ: ಕೆಂಪು, ಹಳದಿ, ಹಸಿರು, ನೀಲಿ. ಕಿಟಕಿಯ ಸರಳಿಗೆ ಕೂಸಿನ ಎದೆಯೆತ್ತರಕ್ಕೆ ಬಿಗಿದು ಕಟ್ಟಿದೆವು. ಮೊದಲ ದಿನ ಎರಡೇ ಕಿಸೆ, ಉಳಿದೆರಡನ್ನು ಮಡಚಿ ಪಿನ್ನು ಹಾಕದೆ ದಾರದಿಂದ ಮುಚ್ಚಿದ್ದೆ. ಕೆಂಪು ಮತ್ತು ಹಳದಿ. ಕೂಸು ಕೆಂಪು ಉಂಡೆ ಹಿಡಿದು ಹಳದಿ ಕಿಸೆಗೆ ಹಾಕಿದಳು, ನಿಂತಳು, ತಾನೇ ತೆಗೆದಳು, ಕೆಂಪಿಗೆ ಹಾಕಿದಳು. ನನ್ನ ಬಾಯಲ್ಲಿ ಬಂದಿದ್ದ 'ಅಲ್ಲಲ್ಲ' ನುಂಗಿಕೊಂಡದ್ದು ಒಳ್ಳೆಯದಾಯಿತು.

ಬಣ್ಣದ ಹೆಸರು ಹೇಳಿಸುವ ಆಸೆ ಮನೆಯವರಿಗೆಲ್ಲ. ತಮ್ಮನ ಹೆಂಡತಿ ಉದಗೀರದವಳು. ಉದಗೀರ, ನಿಲಂಗಾ, ಅಹಮದಪುರ ಎಲ್ಲ 1956ರ ತನಕ ನಮ್ಮ ಬೀದರ ಜಿಲ್ಲೆಯವೇ. ಆ ವರ್ಷ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಅವು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಔರಾದ, ಭಾಲ್ಕಿ ಮೈಸೂರಿಗೆ ಸೇರಿದವು. ನಕಾಶೆ ಹರಿದರೂ ಬೀಗತನ ಹರಿಯಲಿಲ್ಲ. ಹಾಗಾಗಿ ಕೂಸಿನ ಕೈಯ ಒಂದೇ ಉಂಡೆಗೆ ತಾಯಿ ಮರಾಠಿಯಲ್ಲಿ "ತಾಂಬಡಾ" ಎನ್ನುತ್ತಾಳೆ, ಹಿಂದಿನ ಓಣಿಯ ಖಾಲಾ ಬಂದರೆ "ಲಾಲ್", ತೆಲಂಗಾಣದ ಕಡೆಯಿಂದ ಬಂದ ಬಳೆಗಾರ್ತಿ "ಎರ್ರ", ಅವ್ವ "ಕೆಂಪ". ಹಸಿರು ಬಂದರೆ "ಹಿರವಾ", "ಹರಾ". ಪಾಪ, ಎರಡೂವರೆ ವರ್ಷದ ನಾಲಿಗೆ ಯಾವುದನ್ನು ಹಿಡಿದೀತು? ಅವಳು ಎಲ್ಲ ಬಣ್ಣಕ್ಕೂ "ಲಾಲ್" ಎನ್ನುತ್ತಿದ್ದಳು. ಹಳದಿಗೂ ಲಾಲ್, ನೀಲಿಗೂ ಲಾಲ್. ತಾಯಿಗೆ ಚಿಂತೆ ಹತ್ತಿತ್ತು, ಕೂಸಿಗೆ ಬಣ್ಣ ತಿಳಿಯುವುದಿಲ್ಲವೇನೋ ಎಂದು.

ಕಿಟಕಿಗೆ ಕಟ್ಟಿದ ಕೌದಿ ಆ ಚಿಂತೆ ಬಿಡಿಸಿತು. ವಾರದೊಳಗೆ ನಾಲ್ಕೂ ಕಿಸೆ ತೆರೆದವು. ಹಳದಿ ಉಂಡೆ ಹಿಡಿದು "ಲಾಲ್" ಎನ್ನುತ್ತ, ಅದನ್ನು ಸರಿಯಾಗಿ ಹಳದಿ ಕಿಸೆಗೇ ಇಳಿಸುತ್ತಿದ್ದಳು. ಕಣ್ಣು ಕಂಡಿದೆ, ಕೈ ಅರಿತಿದೆ, ನಾಲಿಗೆ ಮಾತ್ರ ಹಿಂದೆ ಇದೆ. ಮಕ್ಕಳೆಲ್ಲ ಹೀಗೇ, ಬಣ್ಣಕ್ಕೆ ಬಣ್ಣ ಜೋಡಿಸುವುದು ಮೊದಲು, ಅದರ ಹೆಸರು ಕೂಡಿಸುವುದು ಆಮೇಲೆ. ಮಾರಿಯಾ ಮಾಂಟೆಸ್ಸರಿ ತನ್ನ ಬಣ್ಣದ ಬಿಲ್ಲೆಗಳ ಮೊದಲ ಪೆಟ್ಟಿಗೆಯಲ್ಲಿ ಕೆಂಪು, ಹಳದಿ, ನೀಲಿ ಈ ಮೂರೇ ಬಣ್ಣ, ಒಂದೊಂದರ ಜೋಡಿ ಇಟ್ಟದ್ದು ಇದೇ ಕಾರಣಕ್ಕೆ. ಮಗು ಮೊದಲು ಮಾತಿಲ್ಲದೆ ಜೋಡಿಸಲಿ ಎಂದು. ನಾವು ಕೂಸಿಗೆ ಮಾತು ಕೇಳುತ್ತಿದ್ದೆವು, ಅದು ಕೈಯಿಂದ ಉತ್ತರ ಕೊಡುತ್ತಿತ್ತು.

ಬೀದರದಿಂದ ಊರಿಗೆ ಬರುವಾಗ ಬಸ್ಸಿನ ಕಿಟಕಿಯಲ್ಲಿ ಕೂಸಿಗೆ ನೆಲದ ಬಣ್ಣವನ್ನೂ ತೋರಿಸಬೇಕು ಅಂದುಕೊಂಡಿದ್ದೇನೆ. ಕೋಟೆಯ ಸುತ್ತ ಜಂಬಿಟ್ಟಿಗೆಯ ಕೆಂಪು ನೆಲ, ಮಾಂಜ್ರಾ ಹೊಳೆ ದಾಟಿ ಇತ್ತ ಬಂದರೆ ಎರೆಹೊಲದ ಕಪ್ಪು. ಆ ಹೊಳೆಯೂ ಎರಡು ಕಿಸೆಯ ನಡುವಿನ ಹೊಲಿಗೆಯಂತೆಯೇ ಹರಿಯುತ್ತದೆ.

ಈಗ ಸಂಜೆ. ಹನ್ನೆರಡು ಉಂಡೆ ತಂತಮ್ಮ ಕಿಸೆ ಸೇರಿವೆ. ಇಷ್ಟು ದಿನ ಅವ್ವ ಬಚ್ಚಿಟ್ಟಿದ್ದ ಹದಿಮೂರನೆಯದು ಚಿಂದಿಯ ಗಂಟಿನಿಂದ ಉರುಳಿ ಕೂಸಿನ ಕೈಗೆ ಸಿಕ್ಕಿದೆ. ಹಸಿರು ಕಿಸೆಗೆ ಹಾಕಿದಳು, ಕೆಂಪು ಮೈ ಮೇಲೆ ಕಂಡಿತು, ತೆಗೆದಳು. ಕೆಂಪಿಗೆ ಹಾಕಿದಳು, ಹಸಿರು ಇಣುಕಿತು, ತೆಗೆದಳು. ತಿರುಗಿಸಿ ತಿರುಗಿಸಿ ನೋಡಿದಳು. ನಾವು ಯಾರೂ ಉಸಿರೆತ್ತಲಿಲ್ಲ. ಕೌದಿಯ ಕೆಳಗೆ ಗೇಣಗಲ ಬರಿ ಜಾಗ ಉಳಿದಿತ್ತು. ಉಂಡೆಯನ್ನು ಅಲ್ಲಿ ಒತ್ತಿ ಹಿಡಿದಳು, ಕೈ ಬಿಟ್ಟಳು, ಅದು ನೆಲಕ್ಕೆ ಬಿತ್ತು. ಎತ್ತಿಕೊಂಡು ನೇರ ಅವ್ವನ ಹತ್ತಿರ ಬಂದು, ಉಂಡೆಯನ್ನು ಒಂದು ಕೈಗೂ ಸೂಜಿಯ ಡಬ್ಬಿಯನ್ನು ಇನ್ನೊಂದು ಕೈಗೂ ಕೊಟ್ಟಳು.

"ಆಯಿ, ಹೊಲಿ."

ಅವ್ವ ಕನ್ನಡಕ ಹುಡುಕುತ್ತಿದ್ದಾಳೆ. ಇಳಕಲ್ ಸೀರೆಯ ಅಂಚು ಇನ್ನೂ ಒಂದು ಮೊಳ ಉಳಿದಿದೆ.