ಇನ್ವರ್ಟರ್ ಮೇಲೆ ಓಡುವ ಯಂತ್ರಗಳಿಗೆ ಭೂಸಂಪರ್ಕ

ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಬನಶಂಕರಿ, ಜೆ. ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಮನೆಯ ಗ್ಯಾರೇಜಿನಲ್ಲಿಯೋ ಅಂಗಡಿಯ ಹಿಂಭಾಗದಲ್ಲಿಯೋ ಒಂದು ಸಣ್ಣ ಲೇತು, ಒಂದು ಸಾಣೆ ಯಂತ್ರ, ಒಂದು ತೂತು ಕೊರೆಯುವ ಯಂತ್ರ ಇಟ್ಟುಕೊಂಡು ದುರಸ್ತಿ ಕೆಲಸ ಮಾಡುವವರಿದ್ದಾರೆ. ಕನಕಪುರ ರಸ್ತೆಯ ಕಡೆಯಿಂದ ಪಂಪಿನ ಷಾಫ್ಟನ್ನೋ ಸಿಂಪರಣಾ ಯಂತ್ರದ ಬಿಡಿಭಾಗವನ್ನೋ ಹಿಡಿದು ರೈತರೂ ಇಂತಹ ಕಡೆ ಬರುವುದುಂಟು. ವಿದ್ಯುತ್ತು ಹೋದಾಗ ಕೆಲಸ ನಿಲ್ಲಬಾರದೆಂದು ಚಿಕ್ಕ ಯಂತ್ರಗಳನ್ನು ಬ್ಯಾಟರಿ ಇನ್ವರ್ಟರಿಗೆ ಸೇರಿಸುವ ವಾಡಿಕೆ ಇಲ್ಲಿಯೂ ಇದೆ, ಹಳ್ಳಿಯ ಕಾರ್ಖಾನೆಗಳಲ್ಲಿಯೂ ಇದೆ. ಗೋಡೆಯ ಹೊರಗೆ ಅರ್ತಿಂಗ್ ಗುಂಡಿ ಇದ್ದ ಮೇಲೆ ಇನ್ನೇನು ಭಯ ಎಂಬುದು ಸಾಮಾನ್ಯ ನಂಬಿಕೆ. ಇನ್ವರ್ಟರ್ ನಡೆಯುತ್ತಿರುವಾಗ ಈ ನಂಬಿಕೆ ಪೂರ್ತಿ ನಿಜವಲ್ಲ.

ಮೊದಲಿಗೆ ಭೂಸಂಪರ್ಕದ ಕೆಲಸವನ್ನು ತಿಳಿಯುವುದು ಅವಶ್ಯ. ಮೋಟಾರಿನ ಒಳಗೆ ತಂತಿಯ ಹೊದಿಕೆ ಸುಟ್ಟು ಅದು ಕಬ್ಬಿಣದ ಮೈಗೆ ತಗುಲಿತೆಂದು ಇಟ್ಟುಕೊಳ್ಳೋಣ. ಆಗ ಹರಿಯುವ ಕರೆಂಟು ಅರ್ತ್ ತಂತಿಯ ಮೂಲಕ ನೆಲಕ್ಕಿಳಿದು, ಟ್ರಾನ್ಸ್‌ಫಾರ್ಮರಿನ ಬಳಿ ನೆಲಕ್ಕೆ ಸೇರಿಸಿರುವ ನ್ಯೂಟ್ರಲ್‌ಗೆ ಹಿಂತಿರುಗುತ್ತದೆ. ಈ ಸುತ್ತು ಪೂರ್ಣವಾದರೆ ಮಾತ್ರ ರಕ್ಷಣೆ. ಸುತ್ತಿನ ಒಟ್ಟು ತಡೆ 10 ಓಂ ಇದ್ದರೆ 230 ವೋಲ್ಟಿಗೆ ಹರಿಯುವುದು 23 ಆಂಪಿಯರ್. 16 ಆಂಪಿಯರಿನ ಎಂ.ಸಿ.ಬಿ. ಇಷ್ಟಕ್ಕೆ ಬೇಗ ಬೀಳುವುದಿಲ್ಲ, ಒಂದು ಗಂಟೆ ತಡೆದುಕೊಂಡರೂ ತಡೆದುಕೊಳ್ಳಬಹುದು. ಅಷ್ಟು ಹೊತ್ತೂ ಯಂತ್ರದ ಮೈಯಲ್ಲಿ ವಿದ್ಯುತ್ತು ಇರುತ್ತದೆ. ಆದುದರಿಂದಲೇ ಗುಂಡಿಯ ಜೊತೆಗೆ 30 ಮಿಲಿ ಆಂಪಿಯರಿನ ಸೋರಿಕೆಗೇ ಬೀಳುವ ಆರ್.ಸಿ.ಸಿ.ಬಿ. ಬೇಕೆನ್ನುವುದು.

ಇನ್ವರ್ಟರಿನ ಸಂಗತಿ ಬೇರೆ. 1 ಕಿಲೋ ವೋಲ್ಟ್ ಆಂಪಿಯರಿನ ಇನ್ವರ್ಟರ್ ಸುಮಾರು 4.3 ಆಂಪಿಯರ್ ಕೊಡಬಲ್ಲದು. ದೋಷ ಬಂದಾಗಲೂ ಅದರಿಂದ ಎಂ.ಸಿ.ಬಿ. ಬೀಳಿಸುವಷ್ಟು ಕರೆಂಟು ಹೊರಡುವುದಿಲ್ಲ. ಎರಡನೆಯದಾಗಿ, ಕೆಲವು ಇನ್ವರ್ಟರುಗಳು ಬ್ಯಾಟರಿಯ ಮೇಲೆ ನಡೆಯುವಾಗ ಬೀದಿಯ ನ್ಯೂಟ್ರಲನ್ನು ಕಡಿದುಬಿಡುತ್ತವೆ. ಆಗ ಇನ್ವರ್ಟರಿನ ಎರಡು ತಂತಿಗಳಿಗೂ ನೆಲಕ್ಕೂ ಸಂಬಂಧವೇ ಉಳಿಯುವುದಿಲ್ಲ. ಗುಂಡಿ ಎಷ್ಟೇ ಚೆನ್ನಾಗಿರಲಿ, ಸುತ್ತು ಪೂರ್ಣವಾಗದು, ಆರ್.ಸಿ.ಸಿ.ಬಿ.ಗೆ ಸೋರಿಕೆ ಕಾಣಿಸದು. ಮೊದಲ ದೋಷ ಯಾರ ಗಮನಕ್ಕೂ ಬರುವುದಿಲ್ಲ. ಲೇತಿನಲ್ಲಿ ಒಂದು ತಂತಿ, ಸಾಣೆ ಯಂತ್ರದಲ್ಲಿ ಇನ್ನೊಂದು ತಂತಿ ಮೈಗೆ ತಗುಲಿದ ದಿನ, ಎರಡನ್ನೂ ಒಟ್ಟಿಗೆ ಮುಟ್ಟಿದವನ ಮೈಮೇಲೆ ಪೂರ್ತಿ 230 ವೋಲ್ಟು ಬರುತ್ತದೆ.

ಇದಕ್ಕೆ ಮೊದಲ ಪರಿಹಾರ, ಎಲ್ಲ ಯಂತ್ರಗಳ ಕಬ್ಬಿಣದ ಮೈಗಳನ್ನೂ ಒಂದೇ ಅರ್ತ್ ತಂತಿಗೆ ಸೇರಿಸುವುದು. ರಬ್ಬರಿನ ಅಥವಾ ಮರದ ಹಲಗೆಯ ಮೇಲೆ ಕೂತ ಮೋಟಾರು ಬೆಲ್ಟಿನಿಂದ ಲೇತನ್ನು ತಿರುಗಿಸುತ್ತಿದ್ದರೆ ಮೋಟಾರಿಗೂ ಲೇತಿನ ಹಾಸಿಗೂ ಬೇರೆ ಬೇರೆ ಸಂಪರ್ಕ ಕೊಡತಕ್ಕದ್ದು. 16 ಆಂಪಿಯರ್ ಸಾಲಿಗೆ 2.5 ಚದರ ಮಿಲಿಮೀಟರಿನ ತಾಮ್ರದ ಹಸಿರು ತಂತಿ ಸಾಕು. ಬೋಲ್ಟು ಕೂರುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಬೇಕು. ಬಣ್ಣದ ಮೇಲೆಯೇ ಬಿಗಿದ ಅರ್ತ್ ತಂತಿ ನೋಡುವವರ ಸಮಾಧಾನಕ್ಕಷ್ಟೇ.

ಇಲ್ಲಿ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಪಿನ್ನಿನಿಂದ ಸಿಕ್ಕಿಸುವ ಇನ್ವರ್ಟರಿಗೆ ಅರ್ತ್ ಬರುವುದು ಅದರ ಮೂರು ಪಿನ್ನಿನ ಪ್ಲಗ್ಗಿನಿಂದ. ವಿದ್ಯುತ್ತು ಹೋದಾಗ ಯಾರಾದರೂ ಆ ಪ್ಲಗ್ಗನ್ನು ಕಿತ್ತರೆ ಇನ್ವರ್ಟರಿನ ಜೊತೆಗೆ ಅದರಿಂದ ನಡೆಯುವ ಯಂತ್ರಗಳ ಅರ್ತೂ ಹೋಯಿತು. ಆದುದರಿಂದ ಯಂತ್ರಗಳ ಅರ್ತ್ ತಂತಿಯನ್ನು ಇನ್ವರ್ಟರನ್ನು ನಂಬದೆ ಮುಖ್ಯ ಬೋರ್ಡಿನ ಅರ್ತ್ ಪಟ್ಟಿಯಿಂದ ನೇರವಾಗಿ ಎಳೆಯಬೇಕು.

ಎರಡನೆಯ ಪರಿಹಾರ, ಇನ್ವರ್ಟರಿನ ನ್ಯೂಟ್ರಲನ್ನು ಭೂಮಿಗೆ ಸೇರಿಸುವುದು. ಬ್ಯಾಟರಿಯ ಮೇಲೆ ನಡೆಯುವಾಗ ಮಾತ್ರ ಕೂಡಿಕೊಂಡು, ಬೀದಿಯ ವಿದ್ಯುತ್ತು ಬಂದೊಡನೆ ಬಿಟ್ಟುಕೊಳ್ಳುವ ರಿಲೇ ಇದಕ್ಕೆ ಬೇಕು. ಕೆಲವು ಇನ್ವರ್ಟರುಗಳಲ್ಲಿ ಇದು ಒಳಗೇ ಇರುತ್ತದೆ. ಇನ್ನು ಕೆಲವು ಅಗ್ಗದ ಇನ್ವರ್ಟರುಗಳಲ್ಲಿ ಹೊರಬರುವ ತಂತಿಗಳಿಗೂ ಬ್ಯಾಟರಿಗೂ ನಡುವೆ ಪ್ರತ್ಯೇಕತೆಯೇ ಇರುವುದಿಲ್ಲ. ಅಂತಹವುಗಳಲ್ಲಿ ನ್ಯೂಟ್ರಲ್ ಅರ್ತ್ ಮಾಡಿದರೆ ಇನ್ವರ್ಟರ್ ಸುಡುವುದಲ್ಲದೆ ಅಪಾಯವೂ ಉಂಟು. ತಯಾರಕರ ಕೈಪಿಡಿಯನ್ನು ಓದದೆ ಈ ಕೆಲಸಕ್ಕೆ ಕೈ ಹಾಕಕೂಡದು, ಪರವಾನಗಿ ಇರುವ ವಿದ್ಯುತ್ ಕೆಲಸಗಾರನಿಂದಲೇ ಮಾಡಿಸಬೇಕು. ಆರ್.ಸಿ.ಸಿ.ಬಿ.ಯನ್ನು ಈ ಜೋಡಣೆಯಿಂದ ಮುಂದೆ, ಯಂತ್ರಗಳ ಕಡೆಗೆ ಅಳವಡಿಸಬೇಕು. ಇನ್ವರ್ಟರಿಗೆ ಮೊದಲು ಕೂರಿಸಿದ ಆರ್.ಸಿ.ಸಿ.ಬಿ. ಬಿದ್ದರೂ ಬ್ಯಾಟರಿ ಕರೆಂಟು ಕೊಡುತ್ತಲೇ ಇರುತ್ತದೆ.

ಎಲ್ಲ ಮುಗಿದ ಮೇಲೆ ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿ ಒತ್ತಿ, ಅದು ಬಿದ್ದರೆ ಸರಿ ಎಂದು ಎದ್ದು ಹೋಗುವವರಿದ್ದಾರೆ. ಆ ಗುಂಡಿಯ ಸುತ್ತು ಲೈನು ಮತ್ತು ನ್ಯೂಟ್ರಲ್‌ಗಳ ನಡುವಿನದು. ಅರ್ತ್ ತಂತಿ ತುಂಡಾಗಿದ್ದರೂ, ನ್ಯೂಟ್ರಲ್ ನೆಲಕ್ಕೆ ಸೇರದಿದ್ದರೂ ಗುಂಡಿ ಒತ್ತಿದರೆ ಅದು ಬೀಳುತ್ತದೆ. ಉಪಕರಣ ಕೆಲಸ ಮಾಡುತ್ತದೆ ಎಂಬುದಷ್ಟೇ ಇದರಿಂದ ತಿಳಿಯುವುದು. ಮುಖ್ಯ ಸ್ವಿಚ್ಚು ಆರಿಸಿ, ಇನ್ವರ್ಟರ್ ನಡೆಯುತ್ತಿರುವಾಗ, ಲೈನಿಗೂ ಅರ್ತಿಗೂ ನಡುವೆ ಪರೀಕ್ಷಕ ಯಂತ್ರವನ್ನು ಇಟ್ಟು ಆರ್.ಸಿ.ಸಿ.ಬಿ. ಬೀಳುವುದನ್ನು ಕೆಲಸಗಾರನು ಮಾಲೀಕನ ಎದುರಿಗೆ ತೋರಿಸಬೇಕು.

ಮೋಟಾರಿನ ವೇಗ ಬದಲಿಸುವ ವಿ.ಎಫ್.ಡಿ.ಯನ್ನೂ ಇನ್ವರ್ಟರ್ ಎಂದು ಕರೆಯುವ ರೂಢಿಯಿದೆ. ಸೋಲಾರ್ ಪಂಪುಗಳಲ್ಲಿ ರೈತರು ಇದನ್ನು ನೋಡಿರಬಹುದು. ಇದರ ಒಳಗಿನ ಫಿಲ್ಟರಿನಿಂದ ಯಾವ ದೋಷವಿಲ್ಲದಿದ್ದರೂ ಅರ್ತ್ ತಂತಿಗೆ ಅಲ್ಪ ಕರೆಂಟು ಸೋರುತ್ತಿರುತ್ತದೆ. ಅರ್ತ್ ತಂತಿ ಬಿಚ್ಚಿದರೆ ಮೈ ಮುಟ್ಟಿದಾಗ ಜುಮ್ಮೆನ್ನುವುದು ಇದರಿಂದಲೇ. ಮೋಟಾರಿನ ಅರ್ತ್ ತಂತಿಯನ್ನು ವಿ.ಎಫ್.ಡಿ.ಯ ಅರ್ತ್ ತುದಿಗೆ ಎಳೆದು, ಅಲ್ಲಿಂದ ಬೋರ್ಡಿಗೆ ಸ್ಥಿರವಾಗಿ ಜೋಡಿಸಬೇಕು. ಇದಕ್ಕೆ ಯಾವ ಬಗೆಯ ಆರ್.ಸಿ.ಸಿ.ಬಿ. ಎಂಬುದು ಕೈಪಿಡಿಯಲ್ಲಿರುತ್ತದೆ, ಸಾಮಾನ್ಯ ಎ.ಸಿ. ಬಗೆಯದು ಇದಕ್ಕೆ ಸಾಲದು. ಸ್ವಿಚ್ಚು ಆರಿಸಿದ ಮೇಲೂ ಒಳಗಿನ ಕೆಪ್ಯಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುವುದರಿಂದ, ಮುಚ್ಚಳದ ಮೇಲೆ ಬರೆದಷ್ಟು ನಿಮಿಷ ಕಾದು ತೆರೆಯತಕ್ಕದ್ದು.

ಇನ್ನು ಗುಂಡಿಯ ಮಾತು. ಹಳೆಯ ಮನೆಗಳಲ್ಲಿ ಕಾಂಪೌಂಡಿನ ಮೂಲೆಯ ಕೊಳವೆ ತುಕ್ಕು ಹಿಡಿದು ತಂತಿ ಕಳಚಿರುವುದುಂಟು. ನೀರಿನ ನಲ್ಲಿಗೆ ಅರ್ತ್ ಕಟ್ಟುವ ಹಳೆಯ ಪದ್ಧತಿಯನ್ನು ಬಿಡಬೇಕು, ಈಗ ಹೆಚ್ಚಿನ ಕೊಳವೆಗಳು ಪ್ಲಾಸ್ಟಿಕ್ಕಿನವು. ಭಾರತೀಯ ಮಾನಕ 3043ರ ಪ್ರಕಾರದ ಗ್ಯಾಲ್ವನೈಸ್ ಕಬ್ಬಿಣದ ಕೊಳವೆ, ಸುಮಾರು 40 ಮಿಲಿಮೀಟರ್ ವ್ಯಾಸ, 2.5 ಮೀಟರ್ ಉದ್ದದ್ದನ್ನು ಹೂಳಬಹುದು. ಬೆಂಗಳೂರಿನ ಕೆಂಪು ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ತಡೆ ಏರುವುದರಿಂದ, ಅಳತೆಯನ್ನು ಮಳೆಗಾಲದಲ್ಲಿ ತೆಗೆಯದೆ ಏಪ್ರಿಲ್‌ನಲ್ಲಿ ತೆಗೆಯುವುದು ಒಳ್ಳೆಯದು.