ಪರದೇಶದ ದ್ರವ್ಯ, ಸ್ವದೇಶದ ಕಾವಲು

ಪ್ರಜೆಗಳ ಆರೋಗ್ಯಕ್ಕಾಗಿ ಪರದೇಶಗಳಿಂದ ಬರುವ ದ್ರವ್ಯವನ್ನು ಸ್ವೀಕರಿಸುವುದರಲ್ಲಿ ನಾವು ಕುಂದನ್ನು ಕಾಣುವುದಿಲ್ಲ. ಆದರೆ ಅದು ಸದ್ವಿನಿಯೋಗವಾಯಿತೇ ಎಂಬುದನ್ನು ಪರರೇ ಬಂದು ನಮಗೆ ತಿಳಿಸಬೇಕಾದ ಸ್ಥಿತಿಯು ಸ್ವತಂತ್ರ ರಾಷ್ಟ್ರಕ್ಕೆ ಭೂಷಣವಲ್ಲ.

2008ನೆಯ ಇಸವಿಯ ಆರಂಭದಲ್ಲಿ ವಿಶ್ವಬ್ಯಾಂಕು ಭಾರತದಲ್ಲಿನ ತನ್ನ ಐದು ಆರೋಗ್ಯ ಯೋಜನೆಗಳ ಪರಿಶೀಲನೆಯನ್ನು ಪ್ರಕಟಿಸಿದುದು ವಾಚಕರಿಗೆ ನೆನಪಿರಬಹುದು. ಮಲೇರಿಯಾ, ಕ್ಷಯ, ಏಡ್ಸ್ ನಿವಾರಣೆಯ ಯೋಜನೆಗಳೂ ಅವುಗಳಲ್ಲಿದ್ದವು. ವಂಚನೆಯ ಲಕ್ಷಣಗಳು ಹೇರಳವಾಗಿ ಕಂಡುಬಂದವು. ಒರಿಸ್ಸಾದಲ್ಲಿ ಪರಿಶೀಲಕರು 55 ಆಸ್ಪತ್ರೆಗಳನ್ನು ಕಣ್ಣಾರೆ ನೋಡಿದರು. ಕೆಲಸವು ಪೂರ್ತಿಯಾಯಿತೆಂದು ಕಾಗದದಲ್ಲಿ ಬರೆದಿದ್ದ ಕಡೆಗಳಲ್ಲಿಯೂ ಸೋರುವ ಮಾಳಿಗೆಗಳಿದ್ದವು. ಇದು ದಾನದ ಹಣವಲ್ಲ, ನಮ್ಮ ತೆರಿಗೆಯಿಂದ ತೀರಿಸತಕ್ಕ ಸಾಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವೇನು?

2002ರಲ್ಲಿ ಸ್ಥಾಪಿತವಾದ ಜಿನೀವಾದ ಜಾಗತಿಕ ನಿಧಿಯು ಏಡ್ಸ್, ಕ್ಷಯ, ಮಲೇರಿಯಾಗಳಿಗಾಗಿ ಅನುದಾನ ಕೊಡುತ್ತದೆ. ಮಾಲಿ, ಮಾರಿಟಾನಿಯಾ ಮೊದಲಾದ ದೇಶಗಳ ಲೆಕ್ಕ ತನಿಖೆಯಲ್ಲಿ ದೋಷಗಳು ಹೊರಬೀಳಲು, 2011ರಲ್ಲಿ ಸ್ವೀಡನ್, ಜರ್ಮನಿಗಳು ಆ ನಿಧಿಗೆ ಕೊಡುವ ಹಣವನ್ನು ತಡೆಹಿಡಿದವು. ತಪ್ಪು ಕೆಲವರದು, ಔಷಧವಿಲ್ಲದೆ ಹೋಗುವ ಭಯವು ಎಲ್ಲ ದೇಶಗಳ ರೋಗಿಗಳದು. ಈ ಅನುದಾನಕ್ಕಾಗಿ ಪ್ರತಿಯೊಂದು ದೇಶವೂ ಒಂದು ಸಮನ್ವಯ ಸಮಿತಿಯನ್ನಿಟ್ಟಿರಬೇಕು. ನಮ್ಮ ಸಮಿತಿಯಲ್ಲಿ ರೋಗಪೀಡಿತರಿಗೂ ಸೇವಾಸಂಸ್ಥೆಗಳಿಗೂ ಸ್ಥಾನವಿರುವುದು ಶ್ಲಾಘ್ಯವೇ. ಆದರೆ ಅಧ್ಯಕ್ಷಪದವಿಯು ಕೇಂದ್ರದ ಆರೋಗ್ಯ ಕಾರ್ಯದರ್ಶಿಗಳಿಗೆ ಸಲ್ಲುತ್ತ ಬಂದಿದೆ. ಅನುದಾನವೂ ಬಹುಮಟ್ಟಿಗೆ ಅದೇ ಇಲಾಖೆಯ ಕಾರ್ಯಕ್ರಮಗಳಿಗೆ ಸಲ್ಲುತ್ತದೆ. ಯಾವ ಅಧಿಕಾರಿಯ ಪ್ರಾಮಾಣಿಕತೆಯನ್ನೂ ನಾವು ಶಂಕಿಸುತ್ತಿಲ್ಲ. ಖರ್ಚು ಮಾಡುವ ಕೈಯೇ ಲೆಕ್ಕ ನೋಡುವ ಕಣ್ಣಾಗಬಾರದೆಂಬುದಷ್ಟೇ ನಮ್ಮ ಅಭಿಪ್ರಾಯ.

ಇಲಾಖೆಯ ಹೊರಗಿನ ಕಾವಲು ಸಾಧ್ಯವೆಂಬುದಕ್ಕೆ ಕರ್ನಾಟಕವೇ ನಿದರ್ಶನ. ಡಾ. ಎಚ್. ಸುದರ್ಶನರ ನೇತೃತ್ವದ ಆರೋಗ್ಯ ಕಾರ್ಯಪಡೆಯು 2001ರಲ್ಲಿ ಒಪ್ಪಿಸಿದ ವರದಿಯು ಸಮತೆ, ಗುಣಮಟ್ಟಗಳೊಡನೆ ಪ್ರಾಮಾಣಿಕತೆಯನ್ನೂ ಗುರಿಯಾಗಿ ಸಾರಿತು. ಅನಂತರ ಅವರೇ ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ಜಾಗೃತಾಧಿಕಾರಿಗಳಾಗಿ ದುಡಿದರು. ಆದರೆ 2016ರಲ್ಲಿ ಸರಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ನಿರ್ಮಿಸಿ ಲೋಕಾಯುಕ್ತದ ಬಲವನ್ನು ಕುಗ್ಗಿಸಿತು; 2022ರಲ್ಲಿ ಉಚ್ಚ ನ್ಯಾಯಾಲಯವು ಆ ದಳವನ್ನು ರದ್ದುಪಡಿಸಬೇಕಾಯಿತು. ಸರಕಾರದ ಮರ್ಜಿಯಲ್ಲಿರುವ ಕಾವಲು ಕಾವಲಲ್ಲವೆಂಬುದೇ ಇದರ ಪಾಠ.

ಆದುದರಿಂದ ಮೂರು ಕ್ರಮಗಳು ಅವಶ್ಯ. ಸಮಿತಿಯ ಅಧ್ಯಕ್ಷರು ಆರೋಗ್ಯ ಇಲಾಖೆಯ ಹೊರಗಿನವರಾಗಿರತಕ್ಕದ್ದು. ಅದಕ್ಕೆ ಸ್ವಂತ ಸಿಬ್ಬಂದಿಯೂ ಕಾಯಿದೆಯ ಬಲವೂ ಇರತಕ್ಕದ್ದು. ಪ್ರತಿಯೊಂದು ತನಿಖಾ ವರದಿಯೂ, ಅದರ ಮೇಲೆ ಕೈಕೊಂಡ ಕ್ರಮವೂ ನಿಯತಕಾಲದೊಳಗೆ ಸಂಸತ್ತಿನ ಮುಂದೆ ಬರತಕ್ಕದ್ದು. ಯಾವ ಆಸ್ಪತ್ರೆಗೆ ಏನು ಬಂದಿತೆಂಬ ಪಟ್ಟಿಯನ್ನು ಆಯಾ ಊರಿನ ಭಾಷೆಯಲ್ಲಿ ಗ್ರಾಮಸಭೆಯ ಮುಂದೆ ಓದತಕ್ಕದ್ದು.

ಗುಲ್ಬರ್ಗಾ ವಿಭಾಗದ ಆಸ್ಪತ್ರೆಗಳ ಸುಧಾರಣೆಗೆ ಜರ್ಮನಿಯ ಕೆ.ಎಫ್.ಡಬ್ಲ್ಯೂ. ಬ್ಯಾಂಕಿನ ನೆರವು ಹಿಂದೆ ಬಂದಿತ್ತು. ಬೀದರ ಜಿಲ್ಲೆಯೂ ಅದರಲ್ಲಿ ಸೇರಿತ್ತು. ಹುಮನಾಬಾದ ತಾಲ್ಲೂಕಿನ ಹುಡಗಿಯ ಗ್ರಾಮಸ್ಥನಿಗೆ ಜಿನೀವಾ ಎಲ್ಲಿದೆಯೆಂದು ತಿಳಿಯದಿರಬಹುದು. ಮಾಳಿಗೆ ಸೋರುವುದೂ ಔಷಧ ತೀರಿದುದೂ ಎಲ್ಲರಿಗಿಂತ ಮೊದಲು ತಿಳಿಯುವುದು ಅವನಿಗೇ. ದಿಲ್ಲಿಯ ಸಮಿತಿಗೆ ಅವನ ಮಾತು ಮುಟ್ಟುವ ದಾರಿಯನ್ನು ತೆರೆದರೆ ಪರದೇಶದ ತನಿಖೆಗಾರರಿಗೆ ಇಲ್ಲಿ ಹೆಚ್ಚಿನ ಕೆಲಸವಿರದು.