ಪರದೆ ಮೇಲೆ ಒಂದೇ ಗೆರೆ ಬಂದರೆ

ಗುಂಡ್ಲುಪೇಟೆಯ ಗೆಳೆಯನ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಗುಜರಿಗೆ ಹೋಗೋದರಲ್ಲಿತ್ತು. ಪರದೆಯೂ ಅದೇ ಡಬ್ಬದೊಳಗೆ, 1986ರ ಮ್ಯಾಕಿಂಟಾಷ್ ಪ್ಲಸ್ ಥರ. ಆನ್ ಮಾಡಿದರೆ ಬೀಪ್ ಬರುತ್ತೆ, ಪರದೆ ನಡುವೆ ಅಡ್ಡಕ್ಕೆ ಒಂದೇ ಬಿಳಿ ಗೆರೆ. ಪಿಕ್ಚರ್ ಟ್ಯೂಬೇ ಹೋಗಿದೆ ಅಂದ್ಕೊಂಡೆವು. ಚಾಮರಾಜನಗರದ ಟೀವಿ ರಿಪೇರಿಯವರೊಬ್ಬರು ನೋಡಿ, "ಗೆರೆ ಬೆಳಗ್ತಾ ಅದೆ ಅಂದ್ರೆ ಟ್ಯೂಬ್ ಚೆನ್ನಾಗೇ ಅದೆ ಕಣ್ರಪ್ಪ" ಅಂದರು.

ಲೆಕ್ಕ ಸರಳ. ಟ್ಯೂಬಿನ ಹಿಂದಿನಿಂದ ಬರುವ ಎಲೆಕ್ಟ್ರಾನ್ ಕಿರಣವನ್ನು ಅದರ ಕತ್ತಿನ ಸುತ್ತ ಇರುವ ಯೋಕ್ ಎಂಬ ತಾಮ್ರದ ಸುರುಳಿಗಳು ಪರದೆ ತುಂಬ ಓಡಿಸುತ್ತವೆ. ಮೇಲೆ-ಕೆಳಗೆ ಓಡಿಸುವ ಭಾಗ ನಿಂತರೆ ಅಡ್ಡಗೆರೆ ಉಳಿಯುತ್ತದೆ. ಎಡ-ಬಲ ಓಡಿಸುವ ಸುರುಳಿಗೆ ಸಂಪರ್ಕ ತಪ್ಪಿದರೆ ಉದ್ದಗೆರೆ. ಪರದೆ ತುಂಬ ಚೌಕುಳಿ ಬಂದರೆ ಕಿರಣ ಸರಿಯಾಗೇ ಓಡ್ತಿದೆ ಅಂತ ಅರ್ಥ. ಆಗ ಹುಡುಕಬೇಕಾದ್ದು ಮೆಮೊರಿ ಮತ್ತು ಲಾಜಿಕ್ ಬೋರ್ಡಿನಲ್ಲಿ. ಏನೂ ಕಾಣದಿದ್ದರೆ ಮೊದಲು ಬ್ರೈಟ್‌ನೆಸ್ ಗುಂಡಿ ತಿರುಗಿಸಿ ನೋಡಿ.

ನಮ್ಮದರಲ್ಲಿ ಯೋಕ್ ಪ್ಲಗ್ಗಿನ ಒಂದು ಪಿನ್ ಸುತ್ತ ಬೆಸುಗೆ ಉಂಗುರದ ಹಾಗೆ ಬಿರುಕು ಬಿಟ್ಟಿತ್ತು. ವರ್ಷಗಟ್ಟಲೆ ಕಾದು ತಣಿದು ಹೀಗಾಗುತ್ತೆ. ಮತ್ತೆ ಸಾಲ್ಡರ್ ಮಾಡಿದ ಮೇಲೆ ಚಿತ್ರ ಪರದೆ ತುಂಬಿತು.

ಎರಡು ಎಚ್ಚರಿಕೆ. ಗೆರೆ ಕಂಡ ತಕ್ಷಣ ಬ್ರೈಟ್‌ನೆಸ್ ಇಳಿಸಿ. ಇಲ್ಲದಿದ್ದರೆ ಒಳಗಿನ ಫಾಸ್ಫರ್ ಸುಟ್ಟು ಆ ಗುರುತು ಹೋಗೋದೇ ಇಲ್ಲ. ಇನ್ನೊಂದು, ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅದನ್ನು ಡಿಸ್ಚಾರ್ಜ್ ಮಾಡಿದ್ದು ಅವರು. ನಾವು ಕೈಕಟ್ಟಿ ದೂರ ನಿಂತು ನೋಡಿದೆವು. ಲ್ಯಾಬಿನಲ್ಲಿ 5 ವೋಲ್ಟ್ ಮುಟ್ಟಿ ಅಭ್ಯಾಸ ಇರೋ ನಮಗೆ ಅದೇ ಸರಿಯಾದ ಜಾಗ.